ನಲವತ್ತೊಂದನೇ ಗಿಡ

ಗೇಟಿನ ಪಕ್ಕ ಹಸಿರು ಬೋರ್ಡು:
ಹೂವು, ಎಲೆ ಕೀಳಬಾರದು. ನಾಯಿಗಳಿಗೆ ಪ್ರವೇಶವಿಲ್ಲ.
ಅದರ ಕೆಳಗೇ ಒಂದು ನಾಯಿ ಮಲಗಿದೆ,
ಬೆಳಗಿನ ಬಿಸಿಲನ್ನು ಹೊಟ್ಟೆಗೆ ಹೊದ್ದುಕೊಂಡು.

ದೇಹ ಕೊಟ್ಟವರ ತೋಟ ಇದು.
ಮೆಡಿಕಲ್ ಕಾಲೇಜಿನ ಹಿಂದೆ, ರಿಂಗ್ ರೋಡಿಗೆ ಹೋಗುವ ತಿರುವಿನಲ್ಲಿ,
ಒಬ್ಬೊಬ್ಬರಿಗೆ ಒಂದೊಂದು ಗಿಡ, ತಗಡಿನ ಮೇಲೆ ನಂಬರು.
ವಾಕಿಂಗಿಗೆ ಬರುವವರಿಗೆ ಬರೀ ಪಾರ್ಕು.
ಸಕ್ಕರೆ ಕಾಯಿಲೆಯ ಮೂವರು ಗೆಳೆಯರು
ಸುತ್ತು ಎಣಿಸುತ್ತಾರೆ, ಜಗಳಾಡುತ್ತಾರೆ,
ಈಗ ಮುಗಿದದ್ದು ಏಳೋ ಎಂಟೋ ಎಂದು.

ಹನ್ನೆರಡು, ನಂದಿಬಟ್ಟಲು. ರೈಲ್ವೆ ಗಾರ್ಡ್ ಆಗಿದ್ದವರಂತೆ.
ಹತ್ತೊಂಬತ್ತು, ಹಳದಿ ಕಣಗಿಲೆ.
ಇಪ್ಪತ್ತಾರಕ್ಕೆ ಹೆಸರಿಲ್ಲ, ತಾರೀಖು ಮಾತ್ರ;
ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರು, ಕೇಳಿಕೊಂಡು ಯಾರೂ ಬರಲಿಲ್ಲ.
ನೆಟ್ಟ ದಾಸವಾಳ ಒಣಗಿಹೋಗಿ
ಆ ಪಾತಿಯಲ್ಲಿ ತಾನಾಗೇ ತುಂಬೆ ಎದ್ದಿದೆ.
ಕೀಳೋಕೆ ಕೈ ಬರ್ಲಿಲ್ಲ ಅಂದ, ಮಾಲಿ ಚಿಕ್ಕಮಾದು.

ನಲವತ್ತೊಂದು ನಮ್ಮ ದೊಡ್ಡಮ್ಮ, ಲೀಲಾಜಮ್ಮಣ್ಣಿ.

ಅಗ್ರಹಾರದ ಮಹಡಿಯ ಮೇಲೆ ಮೂವತ್ತು ವರ್ಷ
ಹೊಲಿಗೆ ಕಲಿಸಿದವಳು. ಕೊರಳಲ್ಲಿ ಟೇಪು,
ಬೆರಳ ತುದಿಗೆ ಸದಾ ಸೀಮೆಸುಣ್ಣದ ನೀಲಿ.
"ಬಟ್ಟೆಗೆ ಹೆದರಬೇಡ್ರೇ,
ಕತ್ತರಿ ನಡುಗಿದರೆ ಅಂಚು ಹಲ್ಲುಹಲ್ಲಾಗುತ್ತೆ."
ಮಷೀನಿನ ಡ್ರಾಯರಿನಲ್ಲಿ, ಬಾಬಿನ್ನುಗಳ ಕೆಳಗೆ,
ನಾಲ್ಕಾಗಿ ಮಡಿಸಿದ ಫಾರಮ್ಮು ಸಿಕ್ಕಿದ್ದು ಅವಳು ಹೋದ ರಾತ್ರಿ.
ಸಾಕ್ಷಿಗೆ ರುಜು ಹಾಕಿದವರು
ಕಾಜಾ ಹೊಲಿಯುವ ನೂರ್‌ಜಾನ್, ಹಾಲಿನ ಕೆಂಡಗಣ್ಣಪ್ಪ.
ನಮ್ಮನ್ನು ಯಾರನ್ನೂ ಕೇಳಿರಲಿಲ್ಲ.

ಪಶ್ಚಿಮವಾಹಿನಿಗೆ ಒಯ್ಯಲು ಏನೂ ಇರಲಿಲ್ಲ.
ದರ್ಭೆಯಲ್ಲಿ ಒಂದು ಗೊಂಬೆ ಮಾಡೋಣವೇ ಎಂದರು ಪುರೋಹಿತರು.
ಸೋದರಮಾವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ,
ಹನ್ನೊಂದು ದಿನದ ಹಿಂದೆ ಕಾಲೇಜಿನ ವ್ಯಾನು ತಿರುಗಿದ
ಬೀದಿಯ ಮೂಲೆಯನ್ನೇ ನೋಡುತ್ತಿದ್ದ.
ನನಗೆ ಒಂದೇ ಯೋಚನೆ:
ಯಾವ ಊರಿನ ಹುಡುಗಿಯೋ, ಹತ್ತೊಂಬತ್ತರವಳು,
ಮೊದಲ ಗೆರೆ ಎಳೆಯುವಾಗ
ಅವಳ ಕೈ ನಡುಗಿತೇ?

ಫಾರಮ್ಮಿನ ಕೊನೆಯ ಸಾಲು: ನೆಡಬೇಕಾದ ಗಿಡ.
ಕರಿಬೇವು, ಎಂದು ಬರೆದಿದ್ದಳು, ದುಂಡಗೆ.
ಆಫೀಸಿನ ಗುಮಾಸ್ತರು ಕನ್ನಡಕ ಮೇಲೇರಿಸಿ
"ಸ್ಮಾರಕ ಅಲ್ವಾಮ್ಮಾ, ಹೂವಿನ ಗಿಡ ಏನಾದರೂ..." ಎಂದು ಎಳೆದರು.
"ಅವರೇ ಬರೆದಿರೋದು ಸಾರ್" ಎಂದೆ.

ಈಗ ಆರನೇ ವರ್ಷ. ನನಗಿಂತ ಎತ್ತರ.
ಆದರೆ ಕೆಳಗಿನ ಕೊಂಬೆಗಳೆಲ್ಲ ಬೋಳು,
ಕೈ ಎಟುಕುವವರೆಗೂ ಬರೀ ಕಡ್ಡಿ.
ಸಿಟ್ಟು ಬಂತು. ಬೋರ್ಡು ಓದಲು ಬರುವುದಿಲ್ಲವೇ ಈ ಜನಕ್ಕೆ?

ಅಷ್ಟರಲ್ಲಿ ಬಂದರು ಒಬ್ಬಾಕೆ, ಸೀರೆಗೆ ಷೂ ಹಾಕಿದವರು.
ತುದಿಗಾಲಲ್ಲಿ ನಿಂತು, ಎರಡು ಎಸಳು ಮುರಿದು,
ನನ್ನನ್ನು ಕಂಡು ಸೆರಗಿನಡಿ ಮುಚ್ಚಿಕೊಂಡರು.
"ಉಪ್ಪಿಟ್ಟಿಗೆ... ಅಂಗಡೀದು ಈ ಘಮ ಬರಲ್ಲ ನೋಡಿ.
ಯಾರು ನೆಟ್ಟರೋ, ಪುಣ್ಯಾತ್ಮರು."

ಹೇಳಬೇಕೆನಿಸಿತು. ಗಂಟಲವರೆಗೂ ಬಂತು ಹೆಸರು.
"ಇನ್ನೂ ಎರಡು ತಗೊಳ್ಳಿ" ಎಂದೆ.

ಚಿಕ್ಕಮಾದು ಪೈಪು ಎಳೆದುಕೊಂಡು ಬಂದ.
"ನಾ ಬೈಯಾಕಿಲ್ಲ ಬುಡಿ ಅವರ್ನ. ಕಿತ್ತಷ್ಟೂ ಚಿಗುರೋ ಜಾತಿ.
ಕೀಳ್ದೆ ಬುಟ್ರೆ, ಮುನಿಸ್ಕೊಂಡು ಹೂವಾಗೋಯ್ತದೆ."
ಪಾತಿಯ ಮಣ್ಣು ನೀರು ಕುಡಿದು ಗುಳುಗುಳು ಅಂತು.

ಹೊರಡುವಾಗ ಬೋರ್ಡಿನ ಕಡೆ ತಿರುಗಲಿಲ್ಲ ನಾನು.
ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೆ.
ಪಕ್ಕದ ಸೀಟಿನ ಮಗು ಮೂಗರಳಿಸಿ
ನನ್ನ ಬ್ಯಾಗನ್ನೇ ನೋಡಿತು, ಅಮ್ಮನನ್ನು ಜಗ್ಗಿತು.
ಅಗ್ರಹಾರ ಬಂತು. ಇಳಿಯುವ ಕೆಲಸವಿರಲಿಲ್ಲ, ಇಳಿದೆ.
ನೂರ್‌ಜಾನಳ ಮನೆಯಲ್ಲಿ
ಇವತ್ತು ಏನು ಸಾರೋ.